ಕಾಸರಗೋಡು–ಮಂಗಳೂರು ಲೈನಿಗೆ ಕ್ಯೂಕೆಡಿ ಪೆಟ್ಟಿಗೆ: ಬೀಗ ಗಟ್ಟಿ, ಚಿಲಕ ಸಡಿಲ

ಕಾಸರಗೋಡು ಪೇಟೆಯಲ್ಲೊಂದು, ಮಂಗಳೂರಿನಲ್ಲೊಂದು ಕ್ಯೂಕೆಡಿ ಪೆಟ್ಟಿಗೆ. ಕ್ಯೂಕೆಡಿ ಎಂದರೆ ಒಂದೊಂದೇ ಫೋಟಾನ್ (ಬೆಳಕಿನ ಕಣ) ಕಳಿಸಿ ಎರಡು ತುದಿಗಳಿಗೆ ಗುಪ್ತ ಕೀ ಹಂಚುವ ವಿಧಾನ. ನಡುವೆ ಬಾಡಿಗೆಯ ಒಂದು ಡಾರ್ಕ್ ಫೈಬರ್, ಎಂದರೆ ಬೇರೆ ಯಾರ ಬೆಳಕೂ ಹರಿಯದ ಗಾಜಿನ ಎಳೆ. ಈ ಜೋಡಿಯನ್ನು ಮಳೆಗಾಲದ ಆರು ವಾರ ಓಡಿಸಿ, ಬೆಳಕು ಹಾಯಿಸಿ, ಕೆಣಕಿ ನೋಡಿದ ಮೇಲೆ ಬರೆದ ವಿಮರ್ಶೆ ಇದು. ತಯಾರಕರ ಹೆಸರು ಇಲ್ಲಿ ಬೇಡ. ಇಲ್ಲಿ ಹೇಳುವ ದೋಷಗಳಲ್ಲಿ ಹೆಚ್ಚಿನವು ಈ ವರ್ಗದ ಯಾವ ಪೆಟ್ಟಿಗೆಯಲ್ಲಿಯೂ ಇರಬಹುದಾದವು, ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳೂ ಅವೇ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಕಳುಹಿಸುವ ಪೆಟ್ಟಿಗೆಗೆ ಒಳ್ಳೆಯ ಅಂಕ, ಸ್ವೀಕರಿಸುವ ಪೆಟ್ಟಿಗೆಗೆ ಅರ್ಧ ಅಂಕ, ಲೈನು ಕಡಿದ ಮೇಲೆ ಅದು ನಡೆದುಕೊಳ್ಳುವ ರೀತಿಗೆ ಅಂಕವೇ ಇಲ್ಲ.

ಒಳಗಿರುವುದು ಡೆಕಾಯ್ ಪಲ್ಸ್ (ಕಳ್ಳನನ್ನು ಪತ್ತೆ ಹಚ್ಚಲು ನಡುನಡುವೆ ಕಳಿಸುವ ಹುಸಿ ಪಲ್ಸ್) ಇರುವ ಬಿಬಿ84 ಎಂಬ ಕ್ಯೂಕೆಡಿ ವಿಧಾನ. ಬೆನೆಟ್ ಮತ್ತು ಬ್ರಸಾರ್ಡ್ ಈ ವಿಧಾನವನ್ನು 1984ರ ಡಿಸೆಂಬರಿನಲ್ಲಿ ಮಂಡಿಸಿದ್ದು ಬೆಂಗಳೂರಿನ ಸಮ್ಮೇಳನವೊಂದರಲ್ಲಿ. ನಮ್ಮ ಕಡೆಯವರು ಇದನ್ನು ಪರದೇಶದ ಸರಕು ಎಂದು ದೂರ ಇಡುವುದು ಹಾಗಾಗಿ ತಮಾಷೆಯೇ. ಒಂದೊಂದೇ ಫೋಟಾನ್‌ನಲ್ಲಿ ಒಂದು ಬಿಟ್. ನಡುವೆ ಯಾರಾದರೂ ಅಳೆದರೆ ತಪ್ಪುಗಳ ಪ್ರಮಾಣ, ಅಂದರೆ ಕ್ಯೂಬಿಇಆರ್, ಏರುತ್ತದೆ. 11 ಶೇಕಡ ಮುಟ್ಟಿದರೆ ಕೀ ಸಿಗುವುದಿಲ್ಲ. ಭೌತಶಾಸ್ತ್ರ ಕೊಡುವ ಭರವಸೆ ಇಷ್ಟೇ. ಪೆಟ್ಟಿಗೆಯೊಳಗಿನ ಲೇಸರ್, ಮಾಡ್ಯುಲೇಟರ್, ಡಿಟೆಕ್ಟರ್‌ಗಳು ಕಾಗದದ ಮೇಲಿನ ಚಿತ್ರದಂತೆಯೇ ನಡೆದುಕೊಳ್ಳುತ್ತವೆ ಎಂಬ ಭರವಸೆಯನ್ನು ಯಾವ ಪ್ರಮೇಯವೂ ಕೊಡುವುದಿಲ್ಲ. ಕದಿಯುವವರು ಕೈ ಹಾಕುವುದು ಫೋಟಾನಿಗಲ್ಲ, ಈ ಬಿಡಿಭಾಗಗಳಿಗೆ.

ಮೊದಲು ಲೈನಿನ ಲೆಕ್ಕ. ರಸ್ತೆಯಲ್ಲಿ 50 ಕಿಲೋಮೀಟರಿನ ಆಸುಪಾಸು, ಫೈಬರ್ ಸುತ್ತುಬಳಸಿ ಹೋಗುವುದರಿಂದ 57. ಕಿಲೋಮೀಟರಿಗೆ 0.2 ಡಿಬಿಯಂತೆ (ಡಿಬಿ ಬೆಳಕಿನ ನಷ್ಟದ ಅಳತೆ, 10 ಡಿಬಿ ಎಂದರೆ ಉಳಿದದ್ದು ಹತ್ತರಲ್ಲೊಂದು ಪಾಲು) 11.4 ಡಿಬಿ ಗಾಜಿನಲ್ಲೇ ಹೋಯಿತು. ಉಳಿದದ್ದು ಸ್ಪ್ಲೈಸ್ (ಫೈಬರ್ ಬೆಸೆದ ಜಾಗ) ಮತ್ತು ಕನೆಕ್ಟರ್‌ಗಳದ್ದು. ಒಟ್ಟು 15.8 ಡಿಬಿ, ಎಂದರೆ ಕಾಸರಗೋಡಿನಿಂದ ಹೊರಟ ನೂರು ಫೋಟಾನ್‌ಗಳಲ್ಲಿ ಎರಡೂವರೆಯಷ್ಟು ಮಾತ್ರ ಮಂಗಳೂರು ಕಾಣುತ್ತವೆ. 100 ಮೆಗಾಹರ್ಟ್ಸ್ ಗಡಿಯಾರ, ಪಲ್ಸಿಗೆ ಸರಾಸರಿ 0.5 ಫೋಟಾನ್, 15 ಶೇಕಡ ದಕ್ಷತೆಯ ಡಿಟೆಕ್ಟರ್, 10 ಮೈಕ್ರೊಸೆಕೆಂಡ್ ಡೆಡ್ ಟೈಮ್ (ಒಂದು ಎಣಿಕೆಯ ನಂತರ ಡಿಟೆಕ್ಟರ್ ಸುಮ್ಮನಿರುವ ಹೊತ್ತು) ಹಾಕಿ ಗುಣಿಸಿದರೆ ಸೆಕೆಂಡಿಗೆ ಆರೇಳು ಸಾವಿರ ಬಿಟ್ ಕೀ ಬರಬೇಕು. ಬಂದದ್ದು 5ರಿಂದ 6 ಸಾವಿರ, ಕ್ಯೂಬಿಇಆರ್ 3 ಶೇಕಡದ ಸುತ್ತ. ದೂರುವಂಥದ್ದೇನಿಲ್ಲ. 256 ಬಿಟ್ಟಿನ ಎಇಎಸ್ (ಎಲ್ಲೆಡೆ ಬಳಕೆಯ ಗೂಢಲಿಪಿ ವಿಧಾನ) ಕೀ ಬದಲಿಸುವುದಕ್ಕೆ ಇದು ಧಾರಾಳ, ಸೆಕೆಂಡಿಗೆ ಇಪ್ಪತ್ತರ ಆಸುಪಾಸು ಕೀ ಸಿಗುತ್ತದೆ. ಒನ್ ಟೈಮ್ ಪ್ಯಾಡ್‌ಗೆ ಬಳಸುವ, ಎಂದರೆ ಸಂದೇಶದಷ್ಟೇ ಉದ್ದದ ಕೀಯನ್ನು ಒಂದೇ ಸಲ ಬಳಸಿ ಎಸೆಯುವ, ಆಸೆ ಇದ್ದರೆ ಬಿಟ್ಟುಬಿಡಿ. ಸೆಕೆಂಡಿಗೆ 8 ಕಿಲೋಬಿಟ್ಟಿನ ಒಂದು ಫೋನ್ ಕರೆಗೂ ಸಾಲದು.

ಕಳುಹಿಸುವ ಪೆಟ್ಟಿಗೆ, ರೂಢಿಯಲ್ಲಿ ಆಲಿಸ್. ಇದರ ಮೇಲಿನ ದೊಡ್ಡ ದಾಳಿ ಟ್ರೋಜನ್ ಹಾರ್ಸ್. ಹೊರಗಿನಿಂದ ಲೈನಿನೊಳಗೆ ಪ್ರಖರ ಬೆಳಕು ನುಗ್ಗಿಸುವುದು, ಅದು ಫೇಸ್ ಮಾಡ್ಯುಲೇಟರ್ (ಬೆಳಕಿನ ಅಲೆಯನ್ನು ಸರಿಸಿ ಬಿಟ್ ಬರೆಯುವ ಭಾಗ) ದಾಟಿ ಎಲ್ಲೋ ಒಂದು ಕನೆಕ್ಟರಿನಿಂದ ಪ್ರತಿಫಲಿಸಿ ವಾಪಸ್ ಬಂದಾಗ ಅದರಲ್ಲಿ ಬಿಟ್ಟಿನ ಗುರುತು ಓದುವುದು. ಆಲಿಸ್ ಕಳಿಸಿದ ಫೋಟಾನ್ ಮುಟ್ಟಿಯೇ ಇಲ್ಲ, ಆದ್ದರಿಂದ ಕ್ಯೂಬಿಇಆರ್ ಏರುವುದೂ ಇಲ್ಲ. ಎಷ್ಟು ತಡೆ ಬೇಕೆಂಬ ಲೆಕ್ಕ ಸರಳ. ಫೈಬರ್ ಸುಟ್ಟುಹೋಗದೆ ತಾಳುವ ಬೆಳಕನ್ನು ಸುಮಾರು 12.8 ವ್ಯಾಟ್ ಎಂದಿಟ್ಟುಕೊಂಡರೆ ಅದು 1550 ನ್ಯಾನೊಮೀಟರಿನಲ್ಲಿ ಸೆಕೆಂಡಿಗೆ 1ರ ಮುಂದೆ 20 ಸೊನ್ನೆಯಷ್ಟು ಫೋಟಾನ್. ಈ ಯಂತ್ರದ ಗಡಿಯಾರಕ್ಕೆ ಭಾಗಿಸಿದರೆ ಪಲ್ಸಿಗೆ 1ರ ಮುಂದೆ 12 ಸೊನ್ನೆ. ವಾಪಸ್ ಹೋಗುವುದು ಪಲ್ಸಿಗೆ ಹತ್ತು ಲಕ್ಷದಲ್ಲೊಂದು ಫೋಟಾನಿಗಿಂತ ಹೆಚ್ಚಿರಬಾರದು ಎಂದಾದರೆ ಹೋಗಿ ಬರುವ ದಾರಿಯಲ್ಲಿ ಒಟ್ಟು 180 ಡಿಬಿ ನಷ್ಟ ಬೇಕು.

ಇಲ್ಲಿ 40 ಡಿಬಿಯ ಅಟೆನ್ಯುಯೇಟರ್ (ಬೆಳಕು ಕುಗ್ಗಿಸುವ ಭಾಗ) ಉಂಟು. ಬೆಳಕು ಅದನ್ನು ಎರಡು ಸಲ ದಾಟುವುದರಿಂದ 80. ಒಳಗಿನ ಪ್ರತಿಫಲನ ಮೈನಸ್ 45ರಷ್ಟು. ಹಿಮ್ಮುಖ ಬೆಳಕಿಗೆ ತಲಾ 55 ಡಿಬಿ ತಡೆಯುವ ಐಸೊಲೇಟರ್ ಎರಡು. ಒಟ್ಟು 235. ಒಂದೇ ಐಸೊಲೇಟರ್ ಇಟ್ಟಿದ್ದರೆ ಲೆಕ್ಕ ಸರಿಯಾಗಿ 180ಕ್ಕೆ ನಿಲ್ಲುತ್ತಿತ್ತು, ಕೈಯಲ್ಲಿ ಒಂದು ಡಿಬಿಯೂ ಉಳಿಯುತ್ತಿರಲಿಲ್ಲ. ಎರಡನೆಯದು ಲೆಕ್ಕ ತುಂಬಿಸಲಿಕ್ಕೆ ಇಟ್ಟದ್ದಲ್ಲ. ಹೊರಗಿನಿಂದ ಹಲವು ವ್ಯಾಟ್ ಬೆಳಕು ಬಿದ್ದರೆ ಐಸೊಲೇಟರ್ ಬಿಸಿಯಾಗಿ ತಡೆ 15 ಡಿಬಿಗೂ ಮೀರಿ ಕುಸಿಯುವುದು ಪ್ರಯೋಗಗಳಲ್ಲಿ ಕಂಡಿದೆ. ಮೊದಲನೆಯದು ಬೆಂದರೂ ಹಿಂದಿನದು ನಿಲ್ಲಬೇಕು. ಈ ಕಂಪೆನಿಯವರು ಅದನ್ನು ತಿಳಿದೇ ಮಾಡಿದ್ದಾರೆ.

ಕೊರತೆ ಇರುವುದು ತರಂಗಾಂತರದಲ್ಲಿ. ಐಸೊಲೇಟರಿನ 55 ಡಿಬಿ 1550ರ ಸುತ್ತ ಮಾತ್ರ. 1900 ನ್ಯಾನೊಮೀಟರಿನ ಕಡೆಗೆ ಹೋದರೆ ಆ ತಡೆ ಬಹಳಷ್ಟು ಕುಸಿಯುತ್ತದೆ. ಕಿರಿದಾದ ಫಿಲ್ಟರ್ ಹಾಕಿದ್ದೇವೆ ಎನ್ನುತ್ತದೆ ಕೈಪಿಡಿ, ಆದರೆ ಆ ಫಿಲ್ಟರಿನ ಗ್ರಾಫ್ 1260ರಿಂದ 1650ರವರೆಗೆ ಬಂದು ನಿಂತಿದೆ. ಅದರಾಚೆ ಎಂತ ಕತೆ ಎಂದು ಕೇಳಿದರೆ ಉತ್ತರ ಇಲ್ಲ. ಇದಕ್ಕೆ ಅಗ್ಗದ ಪರಿಹಾರ ಒಂದಿದೆ: ಹೊರಬಾಗಿಲಿನ ಫೈಬರನ್ನು ಸಣ್ಣ ಕಡ್ಡಿಗೆ ಬಿಗಿಯಾಗಿ ಹಲವು ಸುತ್ತು ಸುತ್ತುವುದು. ಬಾಗಿದ ಫೈಬರ್ ಉದ್ದ ತರಂಗಾಂತರವನ್ನು ಮೊದಲು ಚೆಲ್ಲುತ್ತದೆ. 1550ರಲ್ಲೂ ಸ್ವಲ್ಪ ನಷ್ಟ ಆಗುತ್ತದೆ ನಿಜ, ಆದರೆ ಆಲಿಸ್‌ನಲ್ಲಿ ಆ ನಷ್ಟ ನಷ್ಟವೇ ಅಲ್ಲ. ಹೇಗೂ ಪಲ್ಸನ್ನು ಅರ್ಧ ಫೋಟಾನಿಗೆ ಇಳಿಸಬೇಕು, ಅಷ್ಟು ಡಿಬಿಯನ್ನು ಅಟೆನ್ಯುಯೇಟರಿನಿಂದ ಕಳೆದರಾಯಿತು. ಇದೇ ಉಪಾಯವನ್ನು ಬಾಬ್ (ಸ್ವೀಕರಿಸುವ ಪೆಟ್ಟಿಗೆ) ಕಡೆ ಮಾಡಹೊರಟರೆ ಮಾತ್ರ ಕೀ ದರದ ಕುತ್ತಿಗೆಗೆ ಬರುತ್ತದೆ.

ಡೆಕಾಯ್ ವಿಷಯ ಬೇಗ ಮುಗಿಸಬಹುದು. ಒಂದೇ ಪಲ್ಸಿನಲ್ಲಿ ಎರಡು ಫೋಟಾನ್ ಬಂದಾಗ ಒಂದನ್ನು ಕದ್ದಿಟ್ಟುಕೊಳ್ಳುವ ದಾಳಿಗೆ 2003ರಿಂದ 2005ರ ಒಳಗೆ ಸಿಕ್ಕಿದ ಮದ್ದು ಅದು. ಇಲ್ಲಿ 0.5, 0.1 ಮತ್ತು ಖಾಲಿ ಎಂಬ ಮೂರು ಮಟ್ಟಗಳು ಸರಿಯಾಗಿ ಬರುತ್ತವೆ. ಪಲ್ಸಿನಿಂದ ಪಲ್ಸಿಗೆ ಲೇಸರಿನ ಫೇಸ್ ಕಲಸಿಹೋಗಬೇಕು ಎಂಬ ಷರತ್ತನ್ನೂ ಪಾಲಿಸಿದ್ದಾರೆ. ಪ್ರತಿ ಪಲ್ಸಿಗೆ ಲೇಸರನ್ನು ಪೂರ್ತಿ ಆರಿಸಿ ಹೊತ್ತಿಸುವ ವ್ಯವಸ್ಥೆ ಇದೆ.

ಈಗ ಬಾಬ್. ಪೆಟ್ಟಿಗೆಯ ಬಲವೆಲ್ಲ ಸೋರುವುದು ಇಲ್ಲಿ. ಡಿಟೆಕ್ಟರ್‌ಗಳು ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಅವಲಾಂಚ್ ಡಯೋಡ್, ಮೈನಸ್ 50 ಡಿಗ್ರಿಯಲ್ಲಿ. ಗೇಟ್ (ಡಿಟೆಕ್ಟರ್ ಎಚ್ಚರವಿರುವ ಚಿಕ್ಕ ಕಿಟಕಿ) ತೆರೆದಾಗ ವೋಲ್ಟೇಜ್ ಬ್ರೇಕ್‌ಡೌನ್ ಮಿತಿ ದಾಟುತ್ತದೆ, ಒಂದೇ ಫೋಟಾನಿಗೂ ಕ್ಲಿಕ್ ಆಗುತ್ತದೆ. ಲೈನಿನಲ್ಲಿ ನಿರಂತರ ಪ್ರಖರ ಬೆಳಕು ಬಿದ್ದರೆ ಡಯೋಡಿನಲ್ಲಿ ಕರೆಂಟು ಹರಿದು, ಬಯಸ್ ರೆಸಿಸ್ಟರಿನಲ್ಲಿ ವೋಲ್ಟೇಜ್ ಉಳಿದುಹೋಗಿ, ಡಯೋಡಿಗೆ ಸಿಗುವುದು ಮಿತಿಗಿಂತ ಕಡಿಮೆ. ಗೇಟ್ ತೆರೆದರೂ ಅದೀಗ ಫೋಟಾನ್ ಎಣಿಸುವ ಯಂತ್ರ ಅಲ್ಲ, ಸಾಮಾನ್ಯ ಲೈಟ್ ಸೆನ್ಸರ್. ಕಣ್ಣು ಕುರುಡಾಯಿತು. ಇನ್ನು ಅದು ಕ್ಲಿಕ್ ಆಗುವುದು ಒಂದು ಮಟ್ಟಕ್ಕಿಂತ ದೊಡ್ಡ ಪಲ್ಸ್ ಬಿದ್ದರೆ ಮಾತ್ರ.

ಈವ್ (ಲೈನಿನಲ್ಲಿ ಕದಿಯುವವರಿಗೆ ರೂಢಿಯ ಹೆಸರು) ಇದರ ಲಾಭ ಪಡೆಯುವ ರೀತಿ ಚಂದ, ವಿರೋಧಿಯದ್ದಾದರೂ ಮೆಚ್ಚಲೇಬೇಕು. ಆಲಿಸ್‌ನ ಹತ್ತಿರ ನಿಂತು ತಾನೇ ಯಾವುದೋ ಬೇಸಿಸ್‌ನಲ್ಲಿ (ಅಳೆಯುವ ಎರಡು ಬಗೆಗಳಲ್ಲೊಂದು) ಅಳೆದು, ಬಂದ ಉತ್ತರವನ್ನು ಆ ಮಟ್ಟಕ್ಕಿಂತ ತುಸು ಮೇಲಿನ ಪ್ರಖರ ಪಲ್ಸ್ ಮಾಡಿ ಬಾಬ್‌ಗೆ ಕಳಿಸುವುದು. ಬಾಬ್ ಅದೇ ಬೇಸಿಸ್ ಆರಿಸಿಕೊಂಡರೆ ಪೂರ್ತಿ ಬೆಳಕು ಒಂದೇ ಡಿಟೆಕ್ಟರಿಗೆ, ಕ್ಲಿಕ್. ಬೇರೆ ಬೇಸಿಸ್ ಆದರೆ ಬೆಳಕು ಅರ್ಧರ್ಧ ಆಗಿ ಎರಡೂ ಮಟ್ಟ ಮುಟ್ಟುವುದಿಲ್ಲ, ಕ್ಲಿಕ್ಕೇ ಇಲ್ಲ. ತಪ್ಪು ಬಿಟ್ ಹುಟ್ಟುವ ಸಂದರ್ಭವೇ ಇಲ್ಲದ ಕಾರಣ ಕ್ಯೂಬಿಇಆರ್ ಮೀಟರ್ ಶಾಂತವಾಗಿ 3 ತೋರಿಸುತ್ತಿರುತ್ತದೆ. ಅರ್ಧ ಕ್ಲಿಕ್‌ಗಳು ಹೋದವಲ್ಲ ಎಂದರೆ, 15.8 ಡಿಬಿಯ ನಷ್ಟವನ್ನು ಈವ್ ದಾಟಿಯಾಗಿದೆ. ಕೊರತೆ ತುಂಬಿಸಲು ಅಷ್ಟು ಬೇಕಾದಷ್ಟಾಯಿತು. 2010ರಲ್ಲಿ ಮಾರುಕಟ್ಟೆಯಲ್ಲಿದ್ದ ಎರಡು ಪೆಟ್ಟಿಗೆಗಳ ಮೇಲೆ ಲಿಡರ್ಸನ್, ಮಕರೋವ್ ಮತ್ತು ಸಂಗಡಿಗರು ಈ ಕುರುಡು ಮಾಡುವ ವಿದ್ಯೆಯನ್ನು ತೋರಿಸಿದರು. ಮರುವರ್ಷ ಸಿಂಗಾಪುರದಲ್ಲಿ 290 ಮೀಟರ್ ಫೈಬರಿನ ಲೈನಿನಲ್ಲಿ ಪೂರ್ತಿ ಕೀ ಕದ್ದು ತೋರಿಸಿದ್ದೂ ಆಯಿತು.

ಪರೀಕ್ಷೆ ಮಾಡುವುದು ಕಷ್ಟವಲ್ಲ. 1550ರ ಸಾಧಾರಣ ಡಿಎಫ್‌ಬಿ ಲೇಸರ್, ವೇರಿಯೆಬಲ್ ಅಟೆನ್ಯುಯೇಟರ್, 90:10 ಕಪ್ಲರ್, ಪವರ್ ಮೀಟರ್. 1 ನ್ಯಾನೊವ್ಯಾಟಿನಿಂದ ಶುರು ಮಾಡಿ (ಅದೇ ಸೆಕೆಂಡಿಗೆ ಸುಮಾರು 800 ಕೋಟಿ ಫೋಟಾನ್) 3 ಡಿಬಿ ಮೆಟ್ಟಿಲಲ್ಲಿ ಏರಿಸಿ, ಪ್ರತಿ ಮೆಟ್ಟಿಲಲ್ಲಿ 30 ಸೆಕೆಂಡ್ ನಿಂತು ಕ್ಲಿಕ್ ಎಣಿಕೆ ಬರೆದುಕೊಳ್ಳಿ. ಎಣಿಕೆ ಡೆಡ್ ಟೈಮಿನ ಮಿತಿಯಾದ ಸೆಕೆಂಡಿಗೆ ಒಂದು ಲಕ್ಷದ ಹತ್ತಿರ ನಿಂತಿರುತ್ತದೆ. ಮುಂದೆ ಒಂದು ಮೆಟ್ಟಿಲಲ್ಲಿ ಥಟ್ಟನೆ ಸೊನ್ನೆ. ಆ ಸೊನ್ನೆಯೇ ಕುರುಡು. ಅದಕ್ಕೆ ಮುಂಚೆಯೇ ಅಲಾರಂ ಕೂಗಬೇಕು. ಇಲ್ಲಿ ಸೊನ್ನೆ ಬಂದದ್ದು 0.4 ಮಿಲಿವ್ಯಾಟಿನಲ್ಲಿ, ಅಲಾರಂ 0.1ರಲ್ಲೇ ಬಂತು. ಡಯೋಡಿನ ಕರೆಂಟನ್ನು ಅಳೆಯುವ ಕಾವಲು ಇಟ್ಟಿದ್ದಾರೆ, ಅದು ಕೆಲಸ ಮಾಡುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಪೂರ್ಣಾಂಕ.

ಆದರೆ ಆ ಕಾವಲು ನೋಡುವುದು ಸರಾಸರಿ ಕರೆಂಟನ್ನು. ಅದೇ ಲೇಸರನ್ನು ಬಿಟ್ಟು ಬಿಟ್ಟು, ಇಪ್ಪತ್ತರಲ್ಲೊಂದು ಪಾಲು ಹೊತ್ತು ಮಾತ್ರ ಹೊತ್ತಿಸಿದಾಗ, ಹೊತ್ತಿದ ಹೊತ್ತಿನಲ್ಲಿಯೂ ಅದರ ಬೆನ್ನಿಗೆ ಸ್ವಲ್ಪ ಹೊತ್ತೂ ಡಿಟೆಕ್ಟರ್ ಕುರುಡೇ. ಸರಾಸರಿ ಮಾತ್ರ ಅಲಾರಂ ಗೆರೆಯ ಕೆಳಗೆ. ಪರದೆಯ ಮೇಲೆ ಹಸಿರು ದೀಪ. ರಾತ್ರಿ ಪಾಳಿಯ ಕಾವಲುಗಾರ ಗಂಟೆಗೊಮ್ಮೆ ಮಾತ್ರ ಟಾರ್ಚ್ ಹಾಕುತ್ತಾನೆಂದು ಗೊತ್ತಾದರೆ ಅಡಿಕೆ ಕಳ್ಳನಿಗೆ ಅಷ್ಟೇ ಸಾಕಲ್ಲ? ತಯಾರಕರ ಉತ್ತರ: ಮುಂದಿನ ಫರ್ಮ್‌ವೇರಿನಲ್ಲಿ ಸರಿಪಡಿಸುತ್ತೇವೆ. ಫರ್ಮ್‌ವೇರಿನಿಂದ ಇದು ಸರಿಹೋಗುವುದು ಅನುಮಾನ. ಕಾವಲು ಸರ್ಕ್ಯೂಟಿನ ಕೆಪಾಸಿಟರೇ ನಿಧಾನದ್ದು. ಬೇಕಾಗಿರುವುದು ಪ್ರವೇಶದಲ್ಲೇ 1 ಶೇಕಡ ಬೆಳಕು ತೆಗೆಯುವ ಟ್ಯಾಪ್, ಅದಕ್ಕೆ ಹತ್ತಾರು ಮೆಗಾಹರ್ಟ್ಸ್ ವೇಗದ ಪಿನ್ ಡಯೋಡ್. 0.4 ಮಿಲಿವ್ಯಾಟಿನ ನೂರನೇ ಒಂದು ಪಾಲು 4 ಮೈಕ್ರೊವ್ಯಾಟ್, ಸಾಮಾನ್ಯ ಡಯೋಡಿಗೂ ಕಣ್ಣು ಕುಕ್ಕುವಷ್ಟು. ಕೀ ದರದಲ್ಲಿ ನಷ್ಟ 1 ಶೇಕಡ.

ಇನ್ನು ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕಾಮಗಾರಿ ತಲಪಾಡಿಯಿಂದ ಚೆಂಗಳದವರೆಗೆ ನೆಲವನ್ನು ಎಷ್ಟು ಸಲ ಮಗುಚಿ ಹಾಕಿತೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಜೆಸಿಬಿ ಹಲ್ಲಿಗೆ ಫೈಬರ್ ಸಿಕ್ಕಿದರೆ ಸಾಮಾನ್ಯ ಇಂಟರ್ನೆಟ್ಟಿಗೆ ಆಗುವುದು ಕೆಲವು ಗಂಟೆಯ ತೊಂದರೆ. ಕ್ಯೂಕೆಡಿಗೆ ಹಾಗಲ್ಲ. ಫೈಬರಿನಲ್ಲಿ ಬೆಳಕು ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೊಸೆಕೆಂಡ್. ಸ್ಪ್ಲೈಸ್ ಮಾಡುವವರು 20 ಮೀಟರ್ ಹೊಸ ತುಂಡು ಸೇರಿಸಿದರೆ ಪಲ್ಸ್ ಬರುವ ಸಮಯ ನೂರು ನ್ಯಾನೊಸೆಕೆಂಡ್ ಜಾರಿತು. ಬಾಬ್‌ನ ಗೇಟ್ ತೆರೆದಿರುವುದು ಒಂದು ನ್ಯಾನೊಸೆಕೆಂಡಿನಷ್ಟು. ಹಾಗಾಗಿ ಪ್ರತಿ ಕಡಿತದ ನಂತರ ಹೊಸ ಕ್ಯಾಲಿಬ್ರೇಶನ್ ಅನಿವಾರ್ಯ: ಆಲಿಸ್ ಪ್ರಖರ ಪಲ್ಸ್ ಕಳಿಸುತ್ತದೆ, ಬಾಬ್ ಎರಡೂ ಡಿಟೆಕ್ಟರ್‌ಗಳ ಗೇಟನ್ನು ಮುಂದೆ ಹಿಂದೆ ಸರಿಸಿ ಹೆಚ್ಚು ಕ್ಲಿಕ್ ಬರುವ ಜಾಗ ಹುಡುಕುತ್ತದೆ.

ಈ ಹುಡುಕಾಟದ ಹೊತ್ತಿನಲ್ಲಿ ಲೈನಿನಲ್ಲಿ ಯಾರಾದರೂ ಇದ್ದರೆ? ಕ್ಯಾಲಿಬ್ರೇಶನ್ ಪಲ್ಸಿನ ಎರಡು ಅರ್ಧಗಳ ಫೇಸ್ ಬೇರೆ ಬೇರೆ ಮಾಡಿ ಕಳಿಸಿದರೆ ಎರಡು ಡಿಟೆಕ್ಟರ್‌ಗಳ ಗೇಟುಗಳು ನೂರಾರು ಪಿಕೊಸೆಕೆಂಡ್ ಅಂತರದಲ್ಲಿ ಕೂತುಬಿಡುತ್ತವೆ. ಒಂದು ಅಂಚಿನಲ್ಲಿ ಸೊನ್ನೆಯ ಡಿಟೆಕ್ಟರ್ ಮಾತ್ರ ಎಚ್ಚರ, ಇನ್ನೊಂದು ಅಂಚಿನಲ್ಲಿ ಒಂದರ ಡಿಟೆಕ್ಟರ್ ಮಾತ್ರ. ಮುಂದೆ ನಿಜವಾದ ಪಲ್ಸ್‌ಗಳನ್ನು ತುಸು ಮೊದಲು ಅಥವಾ ತುಸು ನಂತರ ತಲುಪುವಂತೆ ಮಾಡಿದರೆ ಕ್ಲಿಕ್ ಯಾವುದರದ್ದೆಂದು ಅಳೆಯದೆಯೇ ಊಹಿಸಬಹುದು. ಇದು 2011ರಲ್ಲೇ ಮಾರುಕಟ್ಟೆಯ ಯಂತ್ರವೊಂದರ ಮೇಲೆ ತೋರಿಸಿದ ಸಂಗತಿ. ವಿಮರ್ಶೆಗೆ ಬಂದ ಪೆಟ್ಟಿಗೆಯ ನಡವಳಿಕೆ ಹೀಗಿದೆ: ಸಿಗ್ನಲ್ ಹೋದರೆ ತಾನಾಗಿ ಕಾಯುತ್ತದೆ, ಬಂದರೆ ತಾನಾಗಿ ಕ್ಯಾಲಿಬ್ರೇಶನ್ ಮಾಡುತ್ತದೆ, ತಾನಾಗಿ ಕೀ ಕೊಡಲು ಶುರು ಮಾಡುತ್ತದೆ. ಎರಡು ಗೇಟುಗಳ ಅಂತರ ಎಷ್ಟು ಬಂತೆಂದು ಲಾಗಿನಲ್ಲಿ ಒಂದು ಸಾಲೂ ಇಲ್ಲ. ಸುಲಭಕ್ಕೆಂದು ಮಾಡಿದ್ದೇ ಇಲ್ಲಿ ದೋಷ. ಫೈಬರ್ ಕಡಿದವರೇ ಕದಿಯುವವರಾದರೆ ಜೆಸಿಬಿಯ ಮೇಲೆ ಅನುಮಾನ ಪಡುವವರು ನಮ್ಮಲ್ಲಿ ಯಾರಿದ್ದಾರೆ ಮಾರಾಯ್ರೆ?

ಇಟ್ಟುಕೊಂಡರೆ ಮಾಡಬೇಕಾದದ್ದು ಹೀಗೆ. ಸ್ವಯಂಚಾಲಿತ ಮರುಶುರುವಾತನ್ನು ಸೆಟ್ಟಿಂಗಿನಲ್ಲಿ ಆರಿಸಿಡಿ. ಕಡಿತವಾದ ದಿನ ಕಡಿದ ಜಾಗ, ಸ್ಪ್ಲೈಸ್ ಮಾಡಿದ ತಂಡ, ಹೊಸ ನಷ್ಟ ಎಷ್ಟು ಎಂದು ಬರೆದಿಡಿ. ಪೆಟ್ಟಿಗೆ ಕಳಚಿ ಎರಡೂ ತುದಿಯಿಂದ ಒಟಿಡಿಆರ್ (ಫೈಬರಿನಲ್ಲಿ ಎಲ್ಲಿ ಎಷ್ಟು ನಷ್ಟವೆಂದು ಗೆರೆ ಎಳೆದು ತೋರಿಸುವ ಯಂತ್ರ) ಹಾಕಿ ಹಳೆಯ ಗೆರೆಯೊಂದಿಗೆ ಹೋಲಿಸಿ. ಕಡಿದದ್ದು ಉಪ್ಪಳದಲ್ಲಿ, ಹೊಸ ಮೆಟ್ಟಿಲು ಕಾಣುವುದು ಮೊಗ್ರಾಲ್ ಸೇತುವೆಯಲ್ಲಿ ಎಂದಾದರೆ ಹೋಗಿ ನೋಡಲೇಬೇಕು. ನದಿ ದಾಟುವಲ್ಲೆಲ್ಲ ಕೇಬಲ್ ಸೇತುವೆಯ ಬದಿಯ ಪೈಪಿನಲ್ಲಿ ಬಯಲಿಗೆ ಬಂದಿರುತ್ತದೆ, ಕೈ ಹಾಕಲು ಅದಕ್ಕಿಂತ ಸಲೀಸಾದ ಜಾಗ ಬೇರೆ ಇಲ್ಲ. ಕ್ಯಾಲಿಬ್ರೇಶನ್ ಮೂರು ಸಲ ಮಾಡಿಸಿ. ಆಮೇಲೆ ಬಾಬ್ ಇರುವ ಕೋಣೆಯಲ್ಲೇ ಒಂದು ಚಿಕ್ಕ ಪಲ್ಸ್ ಲೇಸರ್ ಜೋಡಿಸಿ 20 ಪಿಕೊಸೆಕೆಂಡ್ ಮೆಟ್ಟಿಲಲ್ಲಿ ಎರಡೂ ಡಿಟೆಕ್ಟರ್‌ಗಳ ದಕ್ಷತೆಯ ಗೆರೆ ಎಳೆದು ನೋಡಿ, ಒಂದರ ಮೇಲೊಂದು ಕೂತಿರಬೇಕು. ಅರ್ಧ ದಿನದ ಕೆಲಸ, ಬೇರೆ ದಾರಿ ಇಲ್ಲ. ಬಾಬ್ ಪ್ರತಿ ಪಲ್ಸಿಗೂ ಯಾವ ಡಿಟೆಕ್ಟರ್ ಸೊನ್ನೆ, ಯಾವುದು ಒಂದು ಎಂದು ಗುಟ್ಟಾಗಿ ಅದಲುಬದಲು ಮಾಡುವ ವ್ಯವಸ್ಥೆ ಇದ್ದರೆ ಈ ತಲೆನೋವು ಬಹಳಷ್ಟು ಕಡಿಮೆಯಾಗುತ್ತಿತ್ತು. ಮಾಡ್ಯುಲೇಟರಿಗೆ ಎರಡರ ಬದಲು ನಾಲ್ಕು ಮಟ್ಟ ಕೊಟ್ಟರೆ ಸಾಕು. ಇಲ್ಲಿ ಕೊಟ್ಟಿಲ್ಲ.

ಕಡಿತ ಇಲ್ಲದ ದಿನವೂ ಸಮಯ ಜಾರುತ್ತದೆ. ಫೈಬರ್ ಒಂದು ಡಿಗ್ರಿ ಬಿಸಿಯಾದರೆ ಕಿಲೋಮೀಟರಿಗೆ 40 ಪಿಕೊಸೆಕೆಂಡಿನಷ್ಟು ವಿಳಂಬ, 57 ಕಿಲೋಮೀಟರಿಗೆ ಎರಡು ನ್ಯಾನೊಸೆಕೆಂಡಿಗೂ ಮಿಕ್ಕಿ. ಇದನ್ನು ಹಿಂಬಾಲಿಸುವ ಕೆಲಸ ಯಂತ್ರ ಚೆನ್ನಾಗಿ ಮಾಡುತ್ತದೆ, ಎರಡೂ ಗೇಟನ್ನು ಒಟ್ಟಿಗೇ ಸರಿಸುತ್ತದೆ. ಬೇರೆ ಬೇರೆ ಹೊತ್ತಿಗೆ ಬರುವ ಎರಡು ಪಲ್ಸಿನಲ್ಲಿ ಬಿಟ್ ಬರೆಯುವ ಟೈಮ್ ಬಿನ್ ವಿಧಾನ ಆದ್ದರಿಂದ ಸೇತುವೆಯ ಮೇಲೆ ಲಾರಿ ಹೋದಾಗಿನ ಧ್ರುವೀಕರಣದ ಕುಣಿತವೂ ಬಾಧಿಸಲಿಲ್ಲ.

ಚಿಕ್ಕಪುಟ್ಟವು. ಎರಡೂ ಡಿಟೆಕ್ಟರ್ ಒಟ್ಟಿಗೆ ಕ್ಲಿಕ್ ಆದರೆ ಅದನ್ನು ಎಸೆಯಬಾರದು, ಯಾದೃಚ್ಛಿಕವಾಗಿ ಒಂದು ಬಿಟ್ ಕೊಡಬೇಕು, ಕೊಡುತ್ತಾರೆ. ಒಂದು ಕ್ಲಿಕ್ ಆದರೆ ಎರಡಕ್ಕೂ ಡೆಡ್ ಟೈಮ್ ಹಾಕಬೇಕು, ಹಾಕುತ್ತಾರೆ. ಕ್ಲಿಕ್ ಆದಾಗ ಡಯೋಡೇ ಬೆಳಕು ಉಗುಳಿ ಲೈನಿಗೆ ಹಿಂದೆ ಸೋರುವುದುಂಟು, ಅದನ್ನು ತಡೆಯಲು ಪ್ರವೇಶದಲ್ಲಿ ಐಸೊಲೇಟರ್ ಮತ್ತು ಫಿಲ್ಟರ್ ಇವೆ.

ಕೀ ಹೊರಬರುವ ಬಾಗಿಲು ಇಟಿಎಸ್‌ಐ ಜಿಎಸ್ ಕ್ಯೂಕೆಡಿ 014 ಎಂಬ ಯುರೋಪಿನ ಮಾನದಂಡದ ಪ್ರಕಾರದ್ದು, ಬೇರೆ ಕಂಪೆನಿಯ ಎನ್‌ಕ್ರಿಪ್ಟರ್ ಕೂಡಾ ಜೋಡಿಸಬಹುದು, ಒಳ್ಳೆಯದು. ಆದರೆ ಪೆಟ್ಟಿಗೆಯಿಂದ ಎನ್‌ಕ್ರಿಪ್ಟರಿಗೆ ಹೋಗುವ ಎರಡು ಮೀಟರ್ ಈಥರ್ನೆಟ್ ವೈರಿನಲ್ಲಿ ಕೀ ಸಾಗುವುದು ವೆಬ್‌ಸೈಟುಗಳು ಬಳಸುವ ಸಾಮಾನ್ಯ ಟಿಎಲ್‌ಎಸ್ ರಕ್ಷಣೆಯಲ್ಲಿ. ಚಿನ್ನದ ಬೀಗ, ಸೋಗೆಯ ಬಾಗಿಲು. ಎರಡನ್ನೂ ಒಂದೇ ರ‍್ಯಾಕಿನಲ್ಲಿಟ್ಟು, ಬೀಗ ಹಾಕಿ, ಬಾಗಿಲು ತೆರೆದರೆ ಲಾಗ್ ಆಗುವ ಸ್ವಿಚ್ ಕೂರಿಸಿ. ಮೊದಲ ದೃಢೀಕರಣದ ಕೀಯನ್ನು ಎರಡು ತುದಿಗೂ ಕೈಯಲ್ಲೇ ಒಯ್ಯಬೇಕು. ಕಂಪೆನಿಯ ತಂತ್ರಜ್ಞರು ತಮ್ಮ ಪೆನ್‌ಡ್ರೈವಿನಿಂದ ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ, ನಿಮ್ಮಲ್ಲೇ ಹುಟ್ಟಿಸಿ ಹಾಕಿ, ಆ ಪೆನ್‌ಡ್ರೈವ್ ಪುಡಿ ಮಾಡಿ.

ಆಟಿಯ ಮಳೆಗೆ ಕೋಣೆಯ ತೇವ ಏರಿದಾಗ ಎಸಿ ನಿಂತು ಕರೆಂಟು ಬಂದ ಕೂಡಲೇ ಡಿಟೆಕ್ಟರ್ ತಣ್ಣಗಾಗಲು ಹೊರಟರೆ ನೀರ ಹನಿ ಕೂರುವ ಭಯ ಉಂಟು. ತೇವ 60 ಶೇಕಡಕ್ಕೆ ಇಳಿಯುವವರೆಗೆ ಕೂಲರ್ ಶುರುವಾಗದಂತೆ ರಿಲೇ ಹಾಕುವುದು ಒಳ್ಳೆಯದು. ಸಿಡಿಲಿಗೆ ಫೈಬರ್ ಹೆದರುವುದಿಲ್ಲ, ಅದರ ಕೇಬಲಿನ ಉಕ್ಕಿನ ಕವಚ ಹೆದರುತ್ತದೆ. ಕಟ್ಟಡದೊಳಗೆ ಬರುವ ಮೊದಲೇ ಅರ್ಥ್ ಮಾಡಿ.

ಯಾರು ಕೊಳ್ಳಬೇಕು? ಎರಡು ಶಾಖೆಗಳ ನಡುವೆ ದಿನದ ಲೆಕ್ಕ ಕಳಿಸುವ ಸಹಕಾರಿ ಬ್ಯಾಂಕಿಗೆ ಇದು ಬೇಡ. 2024ರ ಆಗಸ್ಟಿನಲ್ಲಿ ಹೊರಬಂದ ಎಂಎಲ್-ಕೆಇಎಂ ಮಾನದಂಡ (ಕ್ವಾಂಟಮ್ ಕಂಪ್ಯೂಟರಿಗೂ ಬಗ್ಗದಂತೆ ಕೀ ಹಂಚುವ ಲೆಕ್ಕ) ಸಾಫ್ಟ್‌ವೇರಿನಲ್ಲೇ ಕೂರುತ್ತದೆ, ಫೈಬರ್ ಬಾಡಿಗೆಯೂ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಗುಟ್ಟಾಗಿಯೇ ಉಳಿಯಬೇಕಾದ ದಾಖಲೆ ಇರುವವರು ಅದರ ಜೊತೆಗೆ ಇದನ್ನೂ ಇಟ್ಟು, ಎರಡೂ ಕೀಗಳನ್ನು ಬೆರೆಸಿ ಬಳಸುವುದು ಸರಿ. ಒಂದು ಮುರಿದರೆ ಇನ್ನೊಂದು ಇರುತ್ತದೆ. ಡಿಟೆಕ್ಟರಿನ ಗೊಡವೆಯೇ ಬೇಡ ಎನ್ನುವವರಿಗೆ 2012ರಲ್ಲಿ ಬಂದ ಎಂಡಿಐ ವಿಧಾನ ಇದೆ. ಅದರಲ್ಲಿ ಎರಡೂ ತುದಿ ಕಳುಹಿಸುವವರೇ, ಅಳೆಯುವ ಯಂತ್ರ ನಡುವೆ, ಅದು ಈವ್‌ನ ಕೈಯಲ್ಲೇ ಇದ್ದರೂ ಕೀ ಸೋರುವುದಿಲ್ಲ. ಮಂಜೇಶ್ವರದ ಆಸುಪಾಸಿನ ಒಂದು ಕೋಣೆ ಸಾಕು, ಅದಕ್ಕೆ ನಂಬಿಗಸ್ತರ ಕಾವಲೂ ಬೇಡ. ಖರ್ಚು ಹೆಚ್ಚು, ಎರಡು ಲೇಸರ್‌ಗಳ ತಾಳ ಹೊಂದಿಸುವ ಕೆಲಸವೂ ಹೆಚ್ಚು.

ಈ ಪೆಟ್ಟಿಗೆಯನ್ನೇ ಕೊಳ್ಳುವುದಾದರೆ ಒಪ್ಪಂದದಲ್ಲಿ ಮೂರು ಸಾಲು ಬರೆಸಿ: ಐಎಸ್‌ಒ/ಐಇಸಿ 23837 ಎಂಬ ಕ್ಯೂಕೆಡಿ ಭದ್ರತೆಯ ಮಾನದಂಡದ ಪ್ರಕಾರದ ಪರೀಕ್ಷಾ ವರದಿ (ಅದರಲ್ಲಿ ಬಿಟ್ಟು ಬಿಟ್ಟು ಹೊತ್ತಿಸುವ ಬೆಳಕಿನ ಪರೀಕ್ಷೆ ಸೇರಿರಬೇಕು), 1900 ನ್ಯಾನೊಮೀಟರಿನವರೆಗೆ ಅಳೆದ ಫಿಲ್ಟರ್ ಗ್ರಾಫ್, ಪ್ರತಿ ಕ್ಯಾಲಿಬ್ರೇಶನ್ನಿನ ಗೇಟ್ ಅಂತರ ಲಾಗಿನಲ್ಲಿ ಕಾಣುವ ಫರ್ಮ್‌ವೇರ್. ಮೂರೂ ಕೈಗೆ ಬರುವವರೆಗೆ ಕೊನೆಯ ಕಂತು ಬಿಡಬೇಡಿ.